ಉಪ್ಪಿಲ್ಲದ ರೊಟ್ಟಿ

ನಮ್ಮೂರಿನವರಿಗೆ ನಮ್ಮೂರಿನವರ ಮೇಲೆ ನಂಬಿಕೆಯಿಲ್ಲ.
ಹಾಗಾಗಿ ನ್ಯಾಯವನ್ನು ಪರವೂರಿಂದ ತರಿಸುತ್ತೇವೆ,
ಆರು ತಿಂಗಳಿಗೆ, ಗೊತ್ತುಮಾಡಿದ ಸಂಬಳಕ್ಕೆ,
ಕುದುರೆ ಎಂಟು, ಶಾಸ್ತ್ರ ಬಲ್ಲವರು ಇಬ್ಬರು,
ಅಡುಗೆಯವನೊಬ್ಬ ಸಮೇತ.
ಪೊದೆಸ್ತಾ ಅನ್ನುತ್ತೇವೆ. ಅಂದರೆ ಅಧಿಕಾರ.
ಇರುವಷ್ಟು ದಿನ ಬೇರೆ ಹೆಸರು ಬೇಕಿಲ್ಲ ಅವನಿಗೆ.

ಈ ಸಲದವನು ಕ್ರೆಮೋನಾದ ಓಬಿಜ್ಜೊ.
ಬಯಲಿನವನು, ನಮ್ಮ ಮೆಟ್ಟಿಲುಬೀದಿಗಳಲ್ಲಿ ಏದುತ್ತಿದ್ದ.
ಚೌಕದ ನಡುವೆ, ಸುವಾರ್ತೆಯ ಮೇಲೆ ಕೈಯಿಟ್ಟು
ಕರಣಿಕ ನಾನು ಓದಿದ್ದನ್ನು ಹಿಂದೆಯೇ ಹೇಳಿದ:
ಹೆಂಡತಿಯನ್ನು ಕರೆಸುವುದಿಲ್ಲ,
ಯಾರ ಕೂಸನ್ನೂ ಜ್ಞಾನಸ್ನಾನಕ್ಕೆ ಎತ್ತಿಕೊಳ್ಳುವುದಿಲ್ಲ,
ಈ ಊರಿನ ಯಾರ ಮನೆಯಲ್ಲೂ ಉಣ್ಣುವುದಿಲ್ಲ.
ಉಪ್ಪಿನ ಋಣ ಎಂಥದ್ದೆಂದು ಹಿರಿಯರಿಗೆ ಗೊತ್ತಿತ್ತು;
ತುತ್ತು ಗಂಟಲಿಗಿಳಿದರೆ
ತೀರ್ಪೂ ಅದರ ಹಿಂದೆಯೇ ಇಳಿಯುತ್ತದೆ.

ಸಂಜೆ ಮೇಲಂತಸ್ತಿನ ಕಿಟಕಿಯಲ್ಲಿ
ಒಂದೇ ದೀಪ, ಒಂದೇ ತಟ್ಟೆ.
ಕೆಳಗೆ ಹುಡುಗರು
ಅವನು ಅಗಿಯುವುದನ್ನು ಎಣಿಸುತ್ತಿದ್ದರು.

ಎರಡು ಮನೆತನಗಳ ಗೋಪುರಗಳನ್ನು
ಒಂದೇ ಎತ್ತರಕ್ಕೆ ಕೆಡವಿಸಿದ. ಎರಡೂ ಕಡೆ ಶಾಪ ಹಾಕಿದರು;
ಸರಿಯಾಗಿದೆ ಅಂದುಕೊಂಡೆ.
ಜನವರಿಯಲ್ಲಿ ಗಿಸೋಲಾಳ ಮಗ ನೂತೊನ ಬಲಗೈ.
ಕಟ್ಟಳೆ ಪುಸ್ತಕ, ಹಾಳೆ ನಲವತ್ತೊಂದು:
ಖೋಟಾ ಪತ್ರ ಬರೆದವನ ಕೈ.
ಓದಿ ಹೇಳಿದವನು ನಾನು.
ಆ ಕೈಗೆ ಅಕ್ಷರ ತಿದ್ದಿಸಿದವನೂ ನಾನೇ.
ತೀರ್ಪಿನಲ್ಲಿ ತಪ್ಪಿರಲಿಲ್ಲ. ಈಗಲೂ ಹುಡುಕುತ್ತೇನೆ, ಇಲ್ಲ.

ಅವಧಿ ಮುಗಿದ ಮೇಲೆ ಹತ್ತು ದಿನ
ಅವನು ಊರು ಬಿಡುವಂತಿಲ್ಲ.
ಅಧಿಕಾರದ ಕೋಲು ಒಪ್ಪಿಸಿ, ಬೆಂಚಿನ ಮೇಲೆ ಕೂತು,
ಬಂದವರು ಅಂದದ್ದನ್ನೆಲ್ಲ ಕೇಳಬೇಕು.
ಕಾವಲಿನವರು ಹಿಡಿದುಕೊಂಡು ಹೋದ ಕೋಳಿ.
ಇಗರ್ಜಿ ಮೆಟ್ಟಿಲಿಗೆ ಅವನ ಕುದುರೆಯ ಲದ್ದಿ.
ಪಕ್ಕದ ಮನೆಯ ಮುದುಕಿ ಅವನ ಗೊರಕೆಯನ್ನೂ ದೂರಿದಳು,
ಬರೆದುಕೊಂಡೆ.

ಏಳನೆಯ ದಿನ ನೇಕಾರ ಬಿಂದೊ:
ಕೈ ಕಡಿದ ರಾತ್ರಿ, ಹಿಮ ಬೀಳುತ್ತಿತ್ತು,
ಬಾಗಿಲ ಸಂದಿಯಲ್ಲಿ ಕಣ್ಣಾರೆ ಕಂಡೆ,
ಗಿಸೋಲಾಳ ಒಲೆಯ ಮುಂದೆ ಕೂತು
ಈ ಮನುಷ್ಯ ರೊಟ್ಟಿ ತಿನ್ನುತ್ತಿದ್ದ.

ಚೌಕ ಗಪ್‌ಚಿಪ್.
ಪ್ರಮಾಣಭಂಗಕ್ಕೆ ಅರ್ಧ ಸಂಬಳ ದಂಡ.
ಮೊಣಕೈಯವರೆಗೆ ಹಿಟ್ಟು ಮೆತ್ತಿಕೊಂಡೇ ಬಂದಳು ಅವಳು.
ತಿಂದನೇ? ತಿಂದ.
ಎಷ್ಟು? ಅರ್ಧ.
ಏನಂದ? ಏನೂ ಇಲ್ಲ. ನಾನೂ ಅನ್ನಲಿಲ್ಲ.
ಒಳಗೆ ಮಗನಿಗೆ ಜ್ವರ.

ಆಮೇಲೆ ತಾನಾಗಿಯೇ ಅಂದಳು:
ನಮ್ಮೂರಲ್ಲಿ ರೊಟ್ಟಿಗೆ ಉಪ್ಪು ಹಾಕುವವರುಂಟೇ ಸ್ವಾಮಿ?
ಉಪ್ಪೇ ಇಲ್ಲದ್ದಕ್ಕೆ ಋಣ ಎಲ್ಲಿಂದ ಬಂತು?
ಅವನು ನನಗೇನೂ ಕೊಡಬೇಕಿಲ್ಲ.
ತೀರಿಸುತ್ತೇನೆಂದು ಬಂದರೂ
ತೆಗೆದುಕೊಳ್ಳಲು ನನ್ನ ಹತ್ತಿರ ಏನೂ ಬಾಕಿಯಿಲ್ಲ.
ಒಲೆ ಕಾದಿದೆ, ಹೋಗಲೇ?

ಲೆಕ್ಕ ಕೇಳುವವರು ಬಿದ್ದು ಬಿದ್ದು ನಕ್ಕರು.
ದೂರು ವಜಾ.
ಓಬಿಜ್ಜೊನ ಕೈ ಆಗಲೇ ಸೊಂಟದ ಚೀಲದ ದಾರದ ಮೇಲಿತ್ತು,
ಗಂಟು ಅರ್ಧ ಬಿಚ್ಚಿತ್ತು.
ಬಹಳ ಹೊತ್ತು ಅಲ್ಲೇ ಇತ್ತು ಆ ಕೈ.

ಹನ್ನೊಂದನೆಯ ಬೆಳಗ್ಗೆ, ಇಬ್ಬನಿಯಲ್ಲಿ,
ಎಂಟು ಕುದುರೆಗಳ ಸದ್ದು ಇಳಿಜಾರಿಗೆ ಇಳಿದು ಹೋಯಿತು.
ಯಾರೂ ಕಿಟಕಿ ತೆರೆಯಲಿಲ್ಲ. ಗಿಸೋಲಾಳದು ತೆರೆದೇ ಇತ್ತು,
ಹೊಗೆಗೆ.

ಸೋಮವಾರ ಪಾರ್ಮಾದವನು ಬರುತ್ತಾನೆ. ಕುದುರೆ ಆರಂತೆ.
ಪ್ರಮಾಣದ ಹಾಳೆ ತೇವ ಹಿಡಿದಿದೆ, ಬಿಸಿಲಿಗಿಟ್ಟಿದ್ದೇನೆ.
ನೂತೊ ಎಡಗೈಯಲ್ಲಿ ಹಿಟ್ಟು ನಾದುವುದನ್ನು
ಕಲಿಯುತ್ತಿದ್ದಾನೆಂದು ಜನ ಹೇಳುತ್ತಾರೆ.
ನಾನು ನೋಡಿಲ್ಲ.
ಜನವರಿಯಿಂದ ಬೇರೆ ಬೀದಿಯಲ್ಲಿ ರೊಟ್ಟಿ ಕೊಳ್ಳುತ್ತೇನೆ.
ಅಲ್ಲೂ ಉಪ್ಪಿಲ್ಲ.