ಕೂದಲೆಳೆಯಷ್ಟು

ಹಿಲರಿ ಗ್ರೀನ್‌ವುಡ್ ಪಿಯಾನೋಗಳಿಗೆ ಶ್ರುತಿ ಕೂಡಿಸುವವಳು.
ಕಾಲ್ಡರ್ ಕಣಿವೆಯಲ್ಲಿ, ಟಾಡ್‌ಮರ್ಡನ್ನಿಂದ ಹಿಡಿದು
ಹೆಪ್ಟನ್‌ಸ್ಟಾಲಿನ ಗುಡ್ಡದ ತನಕ
ಯಾವ ಮನೆಯ ಪಿಯಾನೋಗೆ ಯಾವ ಹಲ್ಲು ನೋವು
ಅವಳಿಗೆ ಗೊತ್ತು. ಕಾರು ಓಡಿಸಲು ಮಾತ್ರ ಬಾರದು.

ಮೊದಲು ಗಂಡನ ರೇಸಿಂಗ್ ಸೈಕಲ್ ಇತ್ತು.
ಟಗರಿನ ಕೊಂಬಿನಂಥ ಹ್ಯಾಂಡಲ್, ಬಳೆಯಷ್ಟು ಸಣ್ಣ ಟೈರು,
ಹತ್ತಿ ಕೂತರೆ ಕಾಣುವುದು ಬರೀ ಮುಂದಿನ ಚಕ್ರ.
ಡಾಂಬರಿನ ಮೇಲೆ ಅದು ಕೆಟ್ಟ ಸುದ್ದಿಯ ಹಾಗೆ ಓಡುತ್ತಿತ್ತು.
ಕಾಲುವೆಯ ದಂಡೆಗೆ ಇಳಿದದ್ದೇ ತಡ
ಒಂದು ಚೂಪುಗಲ್ಲು, ಒಂದು ನಿಟ್ಟುಸಿರು,
ಆಮೇಲೆ ಬಾತುಕೋಳಿಗಳೆದುರು ಮಂಡಿಯೂರಿ
ಪಂಕ್ಚರ್ ಹಾಕುವ ಕೆಲಸ.

ಅದು ಹೋಗಿ ತಮ್ಮನ ಮಗನ ಮೌಂಟನ್ ಬೈಕು ಬಂತು.
ಉಬ್ಬುಬ್ಬು ಟೈರು, ಮುಂದೆ ಸ್ಪ್ರಿಂಗಿನ ಕಾಲು,
ಕೆಸರು ಕಂಡರೆ ಎಮ್ಮೆಯ ಹಿಗ್ಗು.
ಡಾಂಬರಿಗೆ ಬಂದರೆ ಮಾತ್ರ ಗೊಂಯ್ ಎಂದು ಗೊಣಗುತ್ತ
ಮೂರು ಮೈಲಿಗೆ ಆರು ಮೈಲಿಯ ಬೆವರು ಕೀಳುತ್ತಿತ್ತು.

ಡೆಸ್ಮಂಡ್ ಕ್ರ್ಯಾಬ್‌ಟ್ರೀ ಮಾತಿಗೆ ಜಿಪುಣ.
ಅಂಗಡಿಯ ಮೂಲೆಯ ಬೂದು ಸೈಕಲ್ಲಿನ ಧೂಳೊರೆಸುತ್ತ ಅಂದ:
"ಇದು ಹೈಬ್ರಿಡ್.
ಅದರಷ್ಟು ಓಡುವುದಿಲ್ಲ. ಇದರಷ್ಟು ಹತ್ತುವುದಿಲ್ಲ.
ಹ್ಯಾಂಡಲ್ ನೇರ, ಬೆನ್ನು ನೇರ, ಬೇಲಿಯಾಚೆಯ ಕುರಿ ಕಾಣುತ್ತದೆ.
ಟೈರು ಹೆಬ್ಬೆರಳಿನ ಒಂದೂವರೆ ಅಗಲ.
ಗೇರು ಇಪ್ಪತ್ತನಾಲ್ಕು, ನಿನಗೆ ಬೇಕಾಗುವುದು ಏಳೆಂಟು.
ಮಡ್‌ಗಾರ್ಡಿಗೆ ತೂತಿದೆ, ಕ್ಯಾರಿಯರಿಗೆ ತೂತಿದೆ,
ನಿನ್ನ ಸಾಮಾನಿನ ಚೀಲ ಕೂರುತ್ತದೆ.
ಎರಡು ದೋಣಿಯಲ್ಲಿ ಕಾಲಿಟ್ಟದ್ದು ಅಂತ ಜನ ನಗುತ್ತಾರೆ.
ನಗಲಿ."

ಅವಳು ನಗಲಿಲ್ಲ.
ಬ್ರೇಕು ಹಿಡಿದು ಬಿಟ್ಟಳು, ಕಿವಿ ಹತ್ತಿರ ತಂದು
ಬೆಲ್ಲು ಬಾರಿಸಿದಳು.
ಈ ಲೆಕ್ಕ ಅವಳಿಗೆ ಹಳೆಯದು.

ಹನ್ನೆರಡು ಸ್ವರಗಳ ಮನೆಯಲ್ಲಿ
ಷಡ್ಜಕ್ಕೆ ಪಂಚಮವನ್ನು ಶುದ್ಧವಾಗಿ ಕೂಡಿಸಿ ನೋಡು,
ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು.
ಸುತ್ತಿ ಬಂದು ಹೊರಟ ಬಾಗಿಲನ್ನೇ ತಟ್ಟುವಾಗ
ಕದಕ್ಕೂ ಚೌಕಟ್ಟಿಗೂ ತಾಳೆಯಾಗದು,
ಯಾವುದೋ ಮೂಲೆಯಲ್ಲಿ ತೋಳ ಊಳಿಡುತ್ತದೆ.
ಅದಕ್ಕೇ ಪ್ರತಿ ಪಂಚಮವನ್ನೂ
ಕೂದಲೆಳೆಯಷ್ಟು ತಗ್ಗಿಸಬೇಕು.
ಯಾವುದೂ ಪೂರ್ತಿ ನಿಜವಲ್ಲ. ಆದರೂ
ಮದುವೆಯ ಹಾಡು, ಮಣ್ಣು ಮಾಡುವ ದಿನದ ಹಾಡು, ಕುಡುಕರ ಹಾಡು,
ಯಾವ ಸ್ವರದಿಂದ ಎತ್ತಿಕೊಂಡರೂ ನಡೆಯುತ್ತದೆ.
ಮೂವತ್ತು ವರ್ಷ ಇದೇ ಸಣ್ಣ ಸುಳ್ಳನ್ನು
ಸಮನಾಗಿ ಹಂಚಿ ಉಂಡವಳು
ಬೆಲೆ ಕೇಳಿದಳು. ಚೌಕಾಸಿ ಮಾಡಿದಳು.

ಶನಿವಾರ ಬೆಳಿಗ್ಗೆ ದೊಡ್ಡ ರಸ್ತೆಯಲ್ಲಿ
ಕ್ಲಬ್ಬಿನವರು ಬಣ್ಣದ ಜೀರುಂಡೆಗಳಂತೆ
ಝೊಂಯ್ಯನೆ ದಾಟಿ ಹೋಗುತ್ತಾರೆ. ಹೋಗಲಿ,
ಡಾಂಬರು ಮುಗಿದಲ್ಲಿ ಅವರು ತಿರುಗಬೇಕು.
ಅವಳು ತಿರುಗುವುದಿಲ್ಲ, ಕಾಲುವೆಗೆ ಇಳಿಯುತ್ತಾಳೆ,
ಜಲ್ಲಿ ಟೈರಿನಡಿ ಹುರಿಗಡಲೆ ಅಗಿದಂತೆ,
ಮನೆದೋಣಿಗಳ ಚಿಮಣಿಯಲ್ಲಿ ಬೇಕನ್ನಿನ ಹೊಗೆ,
ಬೆನ್ನ ಹಿಂದೆ ಚೀಲದಲ್ಲಿ ಕೀಲಿಗಳ ಕಿಣಿಕಿಣಿ.
ಹೆಪ್ಟನ್‌ಸ್ಟಾಲಿನ ಕಲ್ಲುಹಾಸಿನ ಏರಿನಲ್ಲಿ
ಅವಳೂ ಇಳಿದು ತಳ್ಳುತ್ತಾಳೆ, ಸುಳ್ಳೇಕೆ.
ಆ ಏರಿಗೆ ಇಪ್ಪತ್ತನಾಲ್ಕೂ ಸಾಲವು.

ಚಾಪೆಲ್ಲಿನ ಬೀಗ ತೆಗೆದು ಎನಿಡ್ ಸಟ್‌ಕ್ಲಿಫ್
ಕೆಟಲ್ ಇಡಲು ಒಳಗೆ ಹೋದಳು.
ಮೊಮ್ಮಗ ರೋವನ್ ಸೈಕಲ್ಲಿಗೆ ಎರಡು ಸುತ್ತು ಬಂದ.
"ಇದು ರೇಸಿನದಾ, ಗುಡ್ಡದ್ದಾ?"
"ಷ್," ಅಂದಳು. "ಬಾ, ಕೇಳು."

ಎರಡು ಸ್ವರ ಒಟ್ಟಿಗೆ ಒತ್ತಿದಳು.
ವಾಂವ್ ವಾಂವ್ ಎಂದು ಅಲೆಯುತ್ತಿತ್ತು ನಾದ,
ಕೀಲಿ ತಿರುಗಿದಂತೆ ಅಲೆ ನಿಧಾನವಾಯಿತು,
ಇನ್ನೂ ನಿಧಾನ,
ನಿಂತಿತು. ಹುಡುಗನೂ ಉಸಿರು ಹಿಡಿದಿದ್ದ.
ನಿಂತ ಮೇಲೆ ಅವಳು, ಒಂದಿಷ್ಟೇ,
ಹಿಂದಕ್ಕೆ ತಿರುಗಿಸಿದಳು.

"ಕೆಡಿಸಿಬಿಟ್ಟೆ," ಅಂದ.

"ಹ್ಞೂಂ," ಅಂದು ಮುಂದಿನ ತಂತಿಗೆ ಹೋದಳು.
ಹೊರಗೆ ಗೋಡೆಗೊರಗಿದ ಸೈಕಲ್ಲಿನಿಂದ
ಒಣಗಿದ ಕೆಸರು ಸಣ್ಣಗೆ ಉದುರುತ್ತಿತ್ತು.