ಎಣ್ಣೆ ಗಟ್ಟಿಯಾಗಿದೆ

ಬೆಳಗಿನ ಐದೂಕಾಲು. ಹಾಸನ ಇನ್ನೂ ಕಂಬಳಿಯೊಳಗೆ.
ಮುಬೀನಾ ಕಳಿಸಿದ ಫೋಟೋ:
ಕೊಬ್ಬರಿ ಎಣ್ಣೆ ಬಾಟಲಿ, ಒಳಗೆ ಬೆಳ್ಳನೆ ಕಲ್ಲು.
"ತಲೆಗೆ ಹಚ್ಚಲೋ, ಗೋಡೆಗೆ ಬಳಿಯಲೋ?"

ಡಿಪೋದಿಂದ ಜವರೇಶ:
"ಬಸ್ಸಿಗೂ ಕೆಮ್ಮು ಕಣ್ರೋ,
ಮೂರು ಸಲ ಗೊರಗುಟ್ಟಿ ಆಮೇಲೆ ಎದ್ದಿತು."

ಕಾಂತಮಣಿ ರಾತ್ರಿಯೆಲ್ಲ ಅವರೆ ಸುಲಿದಿದ್ದಾಳೆ.
"ಕೈ ತೊಳೆದರೂ ಸೊಗಡು ಹೋಗಿಲ್ಲ,
ಬೇಕಾದ್ರೆ ಮೂಸಿ" ಅಂತ
ಬೆರಳುಗಳ ಫೋಟೋ.

ಸ್ವೆಟರಿನ ಮೇಲೆ ಸ್ವೆಟರ್ ತೊಟ್ಟ ನಾನು
ಹೆಬ್ಬೆರಳೊಂದನ್ನೇ ಹೊರಗೆ ಹಾಕಿ
ನಗುವ ಮುಖ ಒತ್ತಿದೆ.

ಇದೆಲ್ಲದರ ಮೇಲುಗಡೆ, ಮೂರು ಗಂಟೆ ಹತ್ತು ನಿಮಿಷಕ್ಕೆ,
ಪುಟ್ಟರಂಗ ಏನೋ ಬರೆದು ಅಳಿಸಿದ ಗುರುತು.
ಅವನು ಅಂಗಡಿಯ ಶಟರ್ ಎಳೆದು ಇಪ್ಪತ್ತು ದಿನ.
ಏನು ಬರೆದಿದ್ದೆ ಅಂತ ಯಾರೂ ಕೇಳಲಿಲ್ಲ.

ಕೊನೆಗೆ ಜವರೇಶನೇ:
"ಲೋ ರಂಗ, ನಿಮ್ಮನೇಲೂ ಎಣ್ಣೆ ಗಟ್ಟಿಯಾಯ್ತಾ?"

ಮೂರು ಚುಕ್ಕಿ ಅಲುಗಿದವು, ನಿಂತವು,
ಮತ್ತೆ ಅಲುಗಿದವು.
"ಹೂಂ. ಬಿಸಿಲಿಗಿಟ್ಟಿದೀನಿ."

ಕಿಟಕಿ ತೆಗೆದು ನೋಡಿದೆ.
ಸಾಲಗಾಮೆ ರಸ್ತೆಯ ತುಂಬ ಮಂಜು.
ಬಿಸಿಲು ಬರಲು
ಇನ್ನೂ ಎರಡು ಗಂಟೆಯಿತ್ತು.