ಮೀಟರ್ ರೀಡಿಂಗ್ ಪುಸ್ತಕ

ಶನಿವಾರ ನಸುಕಿಗೆ ಸುರಪುರದಲ್ಲಿ ಬಸ್ಸಿಳಿದರೆ
ಮೌನೇಶ ಮಗಳ ಸ್ಕೂಟಿಯ ಹಿಂದೆ ಕೂತು ಬಂದಿದ್ದ.
"ನನ್ನ ಗಾಡಿ ಮಾರಿಬಿಟ್ಟೆ," ಅಂದ.
ಯಾಕೆಂದು ನಾನು ಕೇಳಲಿಲ್ಲ.
ಇಪ್ಪತ್ತೆಂಟು ವರ್ಷ ಜೆಸ್ಕಾಂ ಕಂಬ ಹತ್ತಿದವನು,
ತಂತಿ ಮೇಲಿನ ಹಕ್ಕಿಗಳನ್ನು ಅವುಗಳ ಎತ್ತರದಲ್ಲೇ ಕಂಡವನು,
ಈಗ ಆಫೀಸಿನಲ್ಲಿ ಕೂತು
ಕರೆಂಟ್ ಹೋದವರ ಫೋನು ಎತ್ತುತ್ತಾನಂತೆ.

ಕರಾರು ಹಾಕಿದವಳು ಅವನ ಹೆಂಡತಿ ಅಯ್ಯಮ್ಮ:
ಹಳೇ ಮೀಟರ್ ರೀಡಿಂಗ್ ಪುಸ್ತಕ,
ಎಡದ ಪುಟ ಹಕ್ಕಿಗೆ, ಬಲದ ಪುಟ ಗ್ಲಾಸಿಗೆ.
ಅವ ಹೇಳಬೇಕು, ನಾನು ಬರೆಯಬೇಕು.
"ಎರಡೂ ಲೆಕ್ಕ ನನಗ ಬೇಕು," ಅಂದಳು,
"ಸುಳ್ಳ ಬರದ್ರ ಗೊತ್ತಾಗ್ತದ."

ಮೊದಲ ಗ್ಲಾಸು ಬೋನಾಳ ಕೆರೆಯ ಏರಿ ಮೇಲೆ.
ಈಚಲ ಮರದಿಂದ ಆಗಷ್ಟೇ ಇಳಿದ ಗಡಿಗೆ,
ಅದರೊಳಗೊಂದು ಜೇನ್ನೊಣ, ಈಜು ಬಾರದ್ದು.
ಸಾಬಣ್ಣ ಅದನ್ನು ಹುಲ್ಲುಕಡ್ಡಿಯಿಂದೆತ್ತಿ
ಬಿಸಿಲು ಬೀಳಲಿರುವ ಕಲ್ಲಿನ ಮೇಲಿಟ್ಟು,
ಆಮೇಲೆ ನಮಗೆ ಸುರಿದ.
ತಂಪು ನೀರಾ. ಸಿಹಿಯ ಬೆನ್ನಿಗೊಂದು ಚೂರು ಹೊಗೆ.
"ಗಡಿಗಿಗೆ ಹೊಗಿ ಹಿಡದಾನ, ಬೇವಿನ ಕಟಗಿದು,"
ಅಂದ ಮೌನೇಶ, ಇನ್ನೂ ಮೂಗಿನ ಹತ್ತಿರವೇ ಹಿಡಿದು.
ಸಾಬಣ್ಣ ಅವನನ್ನೇ ನೋಡಿದ.

ಎಡಕ್ಕೆ: ಬೆಳ್ಳಕ್ಕಿ ನಲವತ್ತು. ನೀರುಕಾಗೆ ಎಣಿಸಲಿಲ್ಲ.
ಜಂಬುಕೋಳಿ ಎರಡು,
ಹೊಸ ಚಪ್ಪಲಿ ಕಚ್ಚಿದವರ ಹಾಗೆ
ಕೆಂಪು ಕಾಲು ಎತ್ತಿ ಎತ್ತಿ ಇಡುತ್ತ.
ಜೋಳದ ಹೊಲದ ಮೇಲೊಂದು ಗದ್ದಲ ಹಾದು ಹೋಯಿತು.
ಗೊರವಂಕ ಎಂದು ಬರೆಯಹೋದೆ.
"ಅಲ್ಲೋ, ಕಬ್ಬಕ್ಕಿ," ಅಂದ,
ತಲೆ ಕೂಡ ಎತ್ತದೆ.

ಹತ್ತಕ್ಕೆ ಮನೆಯಲ್ಲಿ ಜೋಳದ ಅಂಬಲಿ, ಬಳ್ಳೊಳ್ಳಿ ಚಟ್ನಿ.
ಹನ್ನೆರಡಕ್ಕೆ ಬಾರಿಹಣ್ಣಿನ ಪಾನಕ, ಅಯ್ಯಮ್ಮನ ಸ್ವಂತ ಸಂಶೋಧನೆ,
(ಬಲಕ್ಕೆ: ಗಂಟಲಲ್ಲಿ ಬೀಜ. ಮತ್ತೊಂದು ಗ್ಲಾಸು ಬೇಡ ಅನ್ನಲಾಗಲಿಲ್ಲ.)
ಇಳಿಹೊತ್ತಿಗೆ ಬೆಳಗಿನ ಅದೇ ಗಡಿಗೆ,
ಈಗ ನೊರೆ ಬಂದು, ಹುಳಿಯಾಗಿ, ಮಾತಿಗೆ ಬಂದಿತ್ತು.
ನಾವೂ ಬಂದೆವು.
ಐಟಿಐ ಹಾಸ್ಟೆಲ್ಲು, ಇಬ್ಬರಿಗೊಂದು ಚಾದರ,
ಕಲಬುರಗಿ ಬಿಸಿಲಿಗೆ ಕರಗಿದ ನನ್ನ ಮೇಣದ ಗಣಪತಿ.
ನಕ್ಕು ನಕ್ಕು ಪುಸ್ತಕದ ಮೇಲೆ ಸೇಂದಿ ಚೆಲ್ಲಿತು.

ಹೆಬ್ಬಾತುಗಳು ಬಂದದ್ದು ಆಗ.
ಹಿಮಾಲಯದ ಆಚೆಯಿಂದ ಬಂದು
ಬೋನಾಳದ ಕೆಸರಿಗೆ ಕಾಲು ಕೊಟ್ಟವು.
ದುರ್ಬೀನು ಅವನ ಕೈಗೆ ಕೊಟ್ಟೆ.
"ಆಹಾ," ಅಂದ, "ತಲಿಮ್ಯಾಲ ಎರಡು ಪಟ್ಟಿ ನೋಡೋ,
ಕಾಡಿಗಿ ಗೆರಿ ಎಳದಂಗ."

ದುರ್ಬೀನಿನ ಮುಂದಿನ ಮುಚ್ಚಳಗಳನ್ನು
ನಾನು ತೆಗೆದೇ ಇರಲಿಲ್ಲ.

ಅವನ ಮಗಳು ನನ್ನನ್ನು ನೋಡಿದಳು,
ಮತ್ತೆ ತನ್ನ ಕಾಲ ಹೆಬ್ಬೆರಳನ್ನು.
ಸಾಬಣ್ಣ ಬೀಡಿ ಹಚ್ಚಿದ.
ನಾನು ಗಟ್ಟಿಯಾಗಿ ಎಣಿಸತೊಡಗಿದೆ,
ಒಂದೊಂದಕ್ಕೂ ಬೆರಳು ಮಾಡಿ,
ಆ ಬೆರಳು ಯಾರಿಗೆ ಎಂದು ನಾಚುತ್ತ:
"ಹದಿನೇಳು."
"ಇಪ್ಪತ್ತೊಂದು," ಅಂದ ಮೌನೇಶ.
"ಆಪಿನ ಹಿಂದ ನಾಕು ಅವ. ಸುಮ್ನಿದ್ದು ಕೇಳು."
ಸುಮ್ಮನಿದ್ದೆ. ಗಾಳಿ, ದೂರದ ಟ್ರ್ಯಾಕ್ಟರು,
ಆಮೇಲೆ, ಹೌದು, ಒಂದು ಗಂಟಲು,
ಇನ್ನೊಂದು, ತುಸು ಒಡಕು.
ಉಳಿದೆರಡನ್ನು ನಾನು ನಂಬಿ ಬರೆದೆ.

ಭಾನುವಾರ ಹೊರಡುವಾಗ ಪುಸ್ತಕ ನನ್ನ ಚೀಲಕ್ಕೆ ತುರುಕಿದ.
"ನೀನ ಇಟ್ಗೋ. ನನಗ ಓದಾಕ..."
ಅಷ್ಟಕ್ಕೇ ನಿಂತು, "ಟೈಮೆಲ್ಲಿರ್ತದ," ಅಂದ.
ಲೆಕ್ಕ ಕೇಳಿದ್ದ ಅಯ್ಯಮ್ಮ ಏನೂ ಅನ್ನಲಿಲ್ಲ,
ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರಾ ತುಂಬಿ ಕೊಟ್ಟಳು.

ಬಸ್ಸಿನಲ್ಲಿ ತೆರೆದರೆ ಒದ್ದೆ ಪುಟಗಳು ಒಂದಕ್ಕೊಂದು ಅಂಟಿ
ಎಡದ್ದು ಬಲಕ್ಕೆ ಇಳಿದಿತ್ತು:
ಹೆಬ್ಬಾತು, ಹುಳಿ, ಬೆನ್ನಿಗೆ ಚೂರು ಹೊಗೆ.
ಬಾರಿಹಣ್ಣು, ಇಪ್ಪತ್ತೊಂದು, ನಾಲ್ಕು ಕಾಣಲಿಲ್ಲ.

ಶಹಾಪುರ ದಾಟುವಷ್ಟರಲ್ಲಿ ಬಾಟಲಿಯ ಮುಚ್ಚಳ
ಠಪ್ಪೆಂದು ಹಾರಿ ಮುಂದಿನ ಸೀಟಿಗೆ ಬಡಿಯಿತು.
ಕಂಡಕ್ಟರ್ ಹತ್ತಿರ ಬಂದು ಮೂಗು ಅರಳಿಸಿದ,
"ಏನ್ರೀ ಅದು, ಚೀಲದಾಗ?"

"ಹಕ್ಕಿ," ಅಂದೆ.